ಪೆತಾ ಅತ್ತಿಗೆ ಬಂದೂಕು ಹಿಡಿದದ್ದು

ನನ್ನ ಅತ್ತಿಗೆ ಪೆರ್ಪೆತ್ವಾ, ಮನೆಯವರ ಬಾಯಲ್ಲಿ ಪೆತಾ, ನಾಲ್ಕು ಅಡಿ ಹತ್ತು ಅಂಗುಲ ಎತ್ತರ ಇದ್ದಾಳೆ. ‘ಹನ್ನೊಂದು’ ಎಂದು ಅವಳ ವಾದ; ಆ ಒಂದು ಅಂಗುಲ ಚಪ್ಪಲಿಯದು. ಅಲಾಸ್ಕಾದ ಈ ಕೊಡಿಯಾಕ್ ದ್ವೀಪದ ಮೀನು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲೇ ನಿಂತು ಮೀನು ಸೀಳಿದವಳು, ಸಂಜೆ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತವಳು. ಫಿಲಿಪ್ಪೀನ್ಸಿನ ಉತ್ತರದಿಂದ ಬಂದು ಇಲ್ಲಿ ಬೇರು ಬಿಟ್ಟ ನಮ್ಮ ಇಲೊಕಾನೊ ಜನರ ಮದುವೆ, ಹಬ್ಬ, ಕುಣಿತದ ಬಟ್ಟೆಯೆಲ್ಲ ಅವಳ ಕೈಯದೇ. ಇಂಥವಳು ಐವತ್ತೊಂಬತ್ತನೇ ವಯಸ್ಸಿನಲ್ಲಿ ಬಂದೂಕು ಕಲಿಯಲು ಹೊರಟಳು ಎಂದರೆ ಊರು ನಗದೆ ಇರುತ್ತದೆಯೇ? ಎಲ್ಲರಿಗಿಂತ ಮೊದಲು ನಕ್ಕವಳು ನಾನೇ. ಸುಳ್ಳೇಕೆ ಹೇಳಲಿ.

ಕಾರಣ ನನ್ನ ಅಣ್ಣ ಅನ್ಸೆಲ್ಮೊ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವನು ಮನೆಯಲ್ಲಿ ಇರುವವನಲ್ಲ. ದ್ವೀಪದ ಆಚೆ ಬದಿಗೆ ಮಾರ್ತಾ ಹೊಳೆ ಎಂದಿದೆ. ರಸ್ತೆ ಇಲ್ಲ, ಸಣ್ಣ ವಿಮಾನ ನೀರಿನ ಮೇಲೆ ಇಳಿಸಿ ಬರುತ್ತದೆ. ಅಲ್ಲಿ ಹೊಳೆಗೆ ಅಡ್ಡಲಾಗಿ ಮೀನುಬೇಲಿ ಕಟ್ಟಿ, ಬೇಲಿಯ ಗೇಟು ತೆಗೆದು, ಸಮುದ್ರದಿಂದ ಹತ್ತಿ ಬರುವ ಸಾಮನ್ ಮೀನುಗಳನ್ನು ಒಂದೊಂದಾಗಿ ಎಣಿಸುವುದು ಅವನ ಕೆಲಸ. ಹತ್ತೊಂಬತ್ತು ಬೇಸಿಗೆ ಎಣಿಸಿದ್ದಾನೆ. ಮೀನಿದ್ದಲ್ಲಿ ಕರಡಿ ಇದ್ದೇ ಇರುತ್ತದೆ. ಹಾಗಾಗಿ ಕ್ಯಾಂಪಿನಲ್ಲಿರುವ ಇಬ್ಬರಲ್ಲಿ ಒಬ್ಬರಾದರೂ ಬಂದೂಕಿನ ಪರೀಕ್ಷೆ ಪಾಸಾಗಿರಬೇಕು ಎಂಬುದು ಮೀನು ಇಲಾಖೆಯ ನಿಯಮ. ಇಷ್ಟು ವರ್ಷ ಆ ಒಬ್ಬ ಅವನೇ. ಕಳೆದ ಚಳಿಗಾಲದಲ್ಲಿ ಅವನ ಬಲಗಣ್ಣಿನ ಒಳಪರದೆ ಹರಿಯಿತು. ಆಪರೇಷನ್ ಆಯಿತು, ಕಣ್ಣು ಬರಲಿಲ್ಲ. ‘ಇರುವ ಒಂದು ಕಣ್ಣನ್ನಾದರೂ ಉಳಿಸಿಕೋ, ಬಂದೂಕಿನ ಒದೆ ಇನ್ನು ನಿನ್ನ ಮೈಗೆ ಬೀಳಕೂಡದು’ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅವನ ಜೊತೆಗಿರುತ್ತಿದ್ದವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಅಂದರೆ ಬಂದೂಕು ಹಿಡಿಯುವ ಇನ್ನೊಬ್ಬರು ಸಿಗದಿದ್ದರೆ ಅಣ್ಣನಿಗೆ ಹೊಳೆ ಇಲ್ಲ.

ಏಪ್ರಿಲ್‌ನ ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ ನಡೆದಿತ್ತು. ಅಣ್ಣ ಶಾವಿಗೆಯನ್ನು ತಟ್ಟೆಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದ.

“ಹೋಗ್ಲಿ ಬಿಡು. ಈ ಸಲ ಮನೇಲಿ ಕೂತು ಟೀವಿ ನೋಡ್ತೀನಿ. ಅದ್ರಲ್ಲೂ ಮೀನು ತೋರಿಸ್ತಾರೆ,” ಎಂದ.

ಎಲ್ಲರೂ ನಕ್ಕೆವು. ಅತ್ತಿಗೆ ನಗಲಿಲ್ಲ. ಸೌಟು ಕೆಳಗಿಟ್ಟಳು.

“ಆ ಪರೀಕ್ಷೆ ಹೆಂಗಸರು ಬರೀಬಹುದಾ?”

“ಬರೆಯೋದಲ್ಲ ಮಾರಾಯ್ತಿ, ಹೊಡೆಯೋದು,” ಎಂದ ನನ್ನ ಗಂಡ ಬಸಿಲ್ಯೊ.

“ಅದೇ. ಹೊಡೀಬಹುದಾ?”

ನನಗೆ ನಗು ತಡೆಯಲಾಗಲಿಲ್ಲ. “ಅತ್ತಿಗೆ, ನೀನು ಕೋಳಿ ಕುಯ್ಯೋಕೂ ನನ್ನ ಕರೀತೀಯ!”

“ಕೋಳಿ ನನ್ ಮೇಲೆ ಓಡಿ ಬರಲ್ಲ ಕ್ಲಾರಿಂಗ್,” ಎಂದಳು.

ಅಣ್ಣನ ಹಳೇ ಪಂಪ್ ಬಂದೂಕು ಅಲ್ಮೆರಾದಲ್ಲಿತ್ತು. ಅದನ್ನು ಸಜ್ಜು ಮಾಡುವ ಉಸಾಬರಿಯನ್ನು ಯಾರೂ ಕೇಳದಿದ್ದರೂ ಬಸಿಲ್ಯೊ ತಲೆ ಮೇಲೆ ಹಾಕಿಕೊಂಡ. ನನ್ನ ಗಂಡ ಊರಿನಲ್ಲಿದ್ದಾಗ ಬಾಡಿಗೆ ಜೀಪು ಓಡಿಸುತ್ತಿದ್ದವನು. ನಮ್ಮೂರ ಜೀಪುಗಳು ನಿಮಗೆ ಗೊತ್ತಿರಲಿಕ್ಕಿಲ್ಲ: ಮೂತಿಗೆ ತಗಡಿನ ಕುದುರೆ, ತಲೆ ಮೇಲೆ ದೀಪ, ಮೈತುಂಬ ಬಣ್ಣ, ಗಾಜಿಗೆ ಜಾಲರಿ, ಖಾಲಿ ಜಾಗ ಕಂಡರೆ ಓಡಿಸುವವನಿಗೆ ಅವಮಾನ. ಆ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ವಾರ ಶೆಡ್ಡಿನಲ್ಲಿ ಕೂತು ಬಂದೂಕಿಗೆ ಮುಂದೆ ದೊಡ್ಡ ಟಾರ್ಚು, ಅದರ ಪಕ್ಕ ಕೆಂಪು ಬೆಳಕಿನ ಚುಕ್ಕಿ ಬೀಳಿಸುವ ಯಂತ್ರ, ಎಡಗಡೆ ಆರು ತೋಟಾ ಸಿಕ್ಕಿಸುವ ಪಟ್ಟಿ, ಹಿಂದಿನ ಮರದ ಹಿಡಿಗೆ ಇನ್ನೂ ಐದು ತೋಟಾದ ಪಟ್ಟಿ, ಮಡಚುವ ಇನ್ನೊಂದು ಹಿಡಿ, ಎರಡು ಬಣ್ಣದ ಹೆಗಲಪಟ್ಟಿ, ಎಲ್ಲ ಏರಿಸಿದ. ಕೊನೆಗೆ ದಿಕ್ಸೂಚಿ ಕೂಡ.

“ದಿಕ್ಸೂಚಿ ಯಾಕೋ?” ಎಂದು ಅಣ್ಣ ಕೇಳಿದ.

“ಇರ್ಲಿ ಬಿಡೋ. ಜಾಗ ಇತ್ತು,” ಎಂದ ಈ ಮಹಾನುಭಾವ.

ಅತ್ತಿಗೆ ಅದನ್ನು ಎತ್ತಿದಳು. ಎತ್ತಿದಳು ಎನ್ನುವುದಕ್ಕಿಂತ ಅದು ಅವಳನ್ನು ಮುಂದಕ್ಕೆ ಎಳೆಯಿತು ಎನ್ನಬೇಕು. ನಳಿಗೆ ನೆಲ ನೋಡಿತು, ಅವಳೂ ನೆಲ ನೋಡಿದಳು.

ಪರೀಕ್ಷೆ ಮಾಡುವವಳು ಡಾರ್ಲಾ ಹ್ಯಾಲ್ವರ್ಸೆನ್. ಅರವತ್ತು ದಾಟಿದ ಮುದುಕಿ, ಹುಟ್ಟಿದ್ದು ಬೆಳೆದದ್ದು ಇದೇ ದ್ವೀಪದಲ್ಲಿ, ಮಾತು ಹರಳುಪ್ಪಿನಷ್ಟು ಒರಟು. ಊರಾಚೆಯ ಜಲ್ಲಿ ಗುಂಡಿಯಲ್ಲಿ ಅವಳ ಪಾಠ. ಅತ್ತಿಗೆಯ ಕೈಯಲ್ಲಿದ್ದುದನ್ನು ಅವಳು ಸುತ್ತ ತಿರುಗಿ ನೋಡಿದಳು.

“ಇದೇನಿದು? ಎಲ್ಲಿ ಮೆರವಣಿಗೆ?”

ಬಸಿಲ್ಯೊ ಎದೆಯುಬ್ಬಿಸಿ ಮುಂದೆ ಬಂದ. “ನಾನೇ ಮಾಡಿದ್ದು. ಟಾರ್ಚು ಅರ್ಧ ಮೈಲಿ ಬೀಳುತ್ತೆ.”

“ಜೂನ್‌ನಲ್ಲಿ ಇಲ್ಲಿ ಕತ್ತಲೆ ಎಲ್ಲಿಂದ ತರ್ತೀಯಪ್ಪಾ? ಬಿಚ್ಚು.”

ಒಂದೊಂದೇ ಬಿಚ್ಚಿಸಿದಳು. ಕೆಂಪು ಚುಕ್ಕಿ ಹೋಯಿತು, ಮಡಚುವ ಹಿಡಿ ಹೋಯಿತು, ದಿಕ್ಸೂಚಿಯನ್ನು ಎರಡು ಬೆರಳಲ್ಲಿ ಹಿಡಿದು ಬಸಿಲ್ಯೊನ ಜೇಬಿಗೇ ಹಾಕಿದಳು. ಕೊನೆಗೆ ಉಳಿದದ್ದು ಒಂದು ಹೆಗಲಪಟ್ಟಿ, ಪಕ್ಕದ ಆರು ತೋಟಾ, ನಳಿಗೆಯ ತುದಿಯಲ್ಲಿ ಗುರಿಗೆಂದು ಇರುವ ಬಿಳಿ ಮಣಿ. “ಕರಡಿ ಬಂದಾಗ ನೀನು ಯೋಚನೆ ಮಾಡೋ ವಸ್ತು ಒಂದೇ ಇರ್ಬೇಕು,” ಎಂದಳು ಅತ್ತಿಗೆಗೆ. “ಏಳೆಂಟಲ್ಲ.”

“ಆಯ್ತು ಮೇಡಂ.”

“ಮೇಡಂ ಅನ್ಬೇಡ. ಡಾರ್ಲಾ.”

“ಆಯ್ತು ಡಾರ್ಲಾ ಮೇಡಂ.”

ಮೊದಲ ದಿನವೇ ಅತ್ತಿಗೆಯ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಮರದ ಹಿಡಿಯನ್ನು ಹೆಗಲಿನ ಗುಳಿಗೆ ಸರಿಯಾಗಿ ಒತ್ತಲು ಅವಳ ಕೈಗೆ ಉದ್ದವೇ ಸಾಲದು. ತೋಳಿನ ಮೇಲೆ ಕೂರುತ್ತಿತ್ತು, ಒದೆಯುತ್ತಿತ್ತು. ನಾನಾಗಿದ್ದರೆ ಅವತ್ತೇ ಕೈ ಮುಗಿದು ಮನೆಗೆ ಬರುತ್ತಿದ್ದೆ. ಅತ್ತಿಗೆ ಮನೆಗೆ ಬಂದು ಅಳತೆ ಪಟ್ಟಿ ತೆಗೆದಳು. ಮೊಣಕೈ ಮಡಚಿ, ಅದರ ಒಳಗಿನಿಂದ ತೋರುಬೆರಳಿನವರೆಗೆ ನನ್ನಿಂದ ಅಳೆಸಿದಳು. ಆಮೇಲೆ ಬಂದೂಕನ್ನು ಅಳೆದಳು.

“ನೋಡಿದ್ಯಾ? ಎರಡು ಅಂಗುಲ ಜಾಸ್ತಿ. ಇದು ನಿನ್ನಣ್ಣನ ಅಳತೆ. ಬೇರೆಯವರ ಅಂಗಿ ಹಾಕ್ಕೊಂಡು ತೋಳು ಉದ್ದ ಅಂತ ಅಳ್ತಾ ಕೂತಿದ್ದೆ ನಾನು.”

ಹೊಲಿಗೆಯ ಬಿಳಿ ಸೀಮೆಸುಣ್ಣದಲ್ಲಿ ಮರದ ಮೇಲೆ ಗೆರೆ ಎಳೆದಳು. ಅಣ್ಣ ಹತ್ತೊಂಬತ್ತು ವರ್ಷ ಕೆನ್ನೆ ಇಟ್ಟ ಮರ ಅದು. ಗರಗಸ ಹಿಡಿದ ಬಸಿಲ್ಯೊ ಅಣ್ಣನ ಮುಖ ನೋಡಿದ. ಅಣ್ಣ “ಕೊಯ್ಯಿ, ಕೊಯ್ಯಿ. ಇನ್ಮೇಲೆ ಅವಳದೇ ತಾನೇ,” ಎಂದು ನಕ್ಕ. ನಗು ಜೋರಾಗಿಯೇ ಇತ್ತು. ಮರದ ತುಂಡು ನೆಲಕ್ಕೆ ಬಿದ್ದಾಗ ಅವನು ನೀರು ಕುಡಿಯಲು ಒಳಗೆ ಹೋದ. ಕತ್ತರಿಸಿದ ಜಾಗಕ್ಕೆ ದಪ್ಪ ರಬ್ಬರ್ ಕೂರಿಸಿದರು. ಅತ್ತಿಗೆ ಎತ್ತಿ ಹೆಗಲಿಗಿಟ್ಟಳು. ಹೊಲಿಸಿದ ಹಾಗೆ ಕೂತಿತು.

ಆಮೇಲೆ ಶುರುವಾಯಿತು ನೋಡಿ ಅಭ್ಯಾಸ. ಮನೆಯಲ್ಲಿ ನಿಜವಾದ ತೋಟಾ ಮುಟ್ಟಕೂಡದು ಎಂದು ಡಾರ್ಲಾಳ ಅಪ್ಪಣೆ. ಕೊಟ್ಟದ್ದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೋಟಾಗಳು. ಅತ್ತಿಗೆ ಒಲೆಯ ಮೇಲೆ ಅನ್ನಕ್ಕಿಟ್ಟು, ಅದು ಬೇಯುವಷ್ಟು ಹೊತ್ತು ಖಾಲಿ ಗೋಡೆಯ ಕಡೆ ತಿರುಗಿ ತೋಟಾ ತುಂಬುತ್ತಿದ್ದಳು, ಖಾಲಿ ಮಾಡುತ್ತಿದ್ದಳು. ಪಕ್ಕದ ಪಟ್ಟಿಯಿಂದ ಒಂದು ಕೀಳು, ಬಂದೂಕಿನ ಹೊಟ್ಟೆಯ ಕೆಳಗಿನ ಬಾಯಿಗೆ ಹೆಬ್ಬೆರಳಲ್ಲಿ ಒತ್ತು, ಕಟಕ್ ಎನ್ನುವವರೆಗೆ ಬಿಡಬೇಡ. ಕಣ್ಣು ಮಾತ್ರ ಗೋಡೆಯ ಮೇಲೇ. ಬೆರಳು ಟ್ರಿಗರಿನ ಹೊರಗೆ. ನಾನು ಬಾಗಿಲಲ್ಲಿ ನಿಂತು “ಅತ್ತಿಗೆ, ಅನ್ನ ಸೀದಿತು!” ಎಂದು ಸುಳ್ಳು ಕೂಗಿದರೂ ಅವಳ ತಲೆ ತಿರುಗುತ್ತಿರಲಿಲ್ಲ. ಒಂದು ದಿನ ನಿಜವಾಗಿ ಸೀದಿತು. ಆಗಲೂ ತಿರುಗಲಿಲ್ಲ.

ಜಲ್ಲಿ ಗುಂಡಿಯಲ್ಲಿ ಅವಳದು ಒಂದೇ ತೊಂದರೆ. ಗುಂಡು ಹೊಡೆದ ಮೇಲೆ ಮುಂದಿನ ಹಿಡಿಯನ್ನು ಹಿಂದಕ್ಕೆ ಪೂರ್ತಿ ಎಳೆದು ಮುಂದಕ್ಕೆ ತಳ್ಳಿದರೆ ತಾನೇ ಖಾಲಿ ಹೊರಗೆ ಬಂದು ಹೊಸದು ಒಳಗೆ ಹೋಗುವುದು? ಅತ್ತಿಗೆ ನಾಜೂಕಾಗಿ ಅರ್ಧ ಎಳೆಯುತ್ತಿದ್ದಳು. ಖಾಲಿ ತೋಟಾ ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

“ಅದಕ್ಕೇನು ನೋವಾಗುತ್ತಾ? ಎಳಿ!” ಡಾರ್ಲಾ ಕಿರುಚುತ್ತಿದ್ದಳು. “ಎಡಗೈ ಮುಂದಕ್ಕೆ ತಳ್ಳಲಿ, ಬಲಗೈ ಹಿಂದಕ್ಕೆ ಎಳೀಲಿ. ಆಗ ಒದೆ ನಿನ್ನ ಹೆಗಲಿಗೆ ಬರಲ್ಲ. ಹೊಡೆದ ತಕ್ಷಣ ಮುರಿದುಹೋಗೋ ಹಾಗೆ ಎಳಿ.”

“ಮುರಿದ್ರೆ?”

“ಮುರಿದ್ರೆ ನಾನು ಹೊಸದು ಕೊಡಿಸ್ತೀನಿ ತಾಯಿ, ಎಳಿ!”

ಮೂರನೇ ವಾರಕ್ಕೆ ಅವಳು ಎಳೆಯುವ ಸದ್ದು ರಸ್ತೆಗೆ ಕೇಳುತ್ತಿತ್ತು. ನಿಂತ ಗುರಿಗೆ ಇಪ್ಪತ್ತು ಗಜದಿಂದ ಹೊಡೆದರೆ ಹತ್ತರಲ್ಲಿ ಎಂಟು ಒಂದು ತಟ್ಟೆಯಗಲದೊಳಗೆ. ಕಾರ್ಖಾನೆಯಲ್ಲಿ ನಗುತ್ತಿದ್ದವರು ಅವಳಿಗೆ ಕಾಫಿ ತಂದುಕೊಡತೊಡಗಿದರು. ಅಣ್ಣ ಶೆಡ್ಡಿನಿಂದ ತನ್ನ ಹೊಳೆ ಬೂಟುಗಳನ್ನು ತೆಗೆದು, ತೂತು ಹುಡುಕಿ ಅಂಟು ಹಚ್ಚಿ ಅಂಗಳದಲ್ಲಿ ಒಣಗಲು ಹಾಕಿದ.

ಪರೀಕ್ಷೆ ಹೀಗೆ. ಹಲಗೆಯ ಕರಡಿಯೊಂದನ್ನು ಜಾರುಬಂಡಿಯ ಮೇಲೆ ನಿಲ್ಲಿಸಿ, ಹಗ್ಗ ಕಟ್ಟಿ, ರಾಟೆಯ ಮೂಲಕ ನಿಮ್ಮ ಕಡೆಗೆ ಸರ್ರನೆ ಎಳೆಯುತ್ತಾರೆ. ಯಾವಾಗ ಹೊರಡುತ್ತದೆ ಎಂದು ಹೇಳುವುದಿಲ್ಲ. ನೀವು ಮೊದಲು ಕೂಗಬೇಕು. ನಿಲ್ಲದಿದ್ದರೆ ಹೊಡೆಯಬೇಕು. ಮೂರು ತೋಟಾ, ಎರಡಾದರೂ ಎದೆಯಲ್ಲಿರಬೇಕು. ಇರುವುದು ಎರಡೇ ಅವಕಾಶ.

ಮೇ ಹತ್ತರಂದು ನಾವೆಲ್ಲ ಹೋದೆವು. ಬಂಡಿ ಹೊರಟಿತು. ಜಲ್ಲಿಯ ಮೇಲೆ ಗಡಗಡ ಎನ್ನುತ್ತಾ ಹಲಗೆ ಕರಡಿ ಬಂತು. ಅತ್ತಿಗೆ ಬಂದೂಕು ಹೆಗಲಿಗೇರಿಸಿದಳು, ಚೆನ್ನಾಗಿಯೇ ಏರಿಸಿದಳು. ಆಮೇಲೆ ತಲೆ ತಗ್ಗಿಸಿದಳು. ಸೊಂಟ ಸ್ವಲ್ಪ ಬಾಗಿತು. ತುಟಿ ಅಲುಗಿತು. “ಬಾರಿ-ಬಾರಿ, ಆಪೊ.” ಮೊದಲ ಗುಂಡು ಜಲ್ಲಿಗೆ ಹೋಯಿತು, ಎರಡನೆಯದು ಆಕಾಶಕ್ಕೆ, ಮೂರನೆಯದು ಹೊರಡುವ ಮೊದಲೇ ಕರಡಿ ಅವಳ ಮುಂದಿದ್ದ ಮರದ ದಿಮ್ಮಿಗೆ ಧಡ್ ಎಂದು ಬಡಿದು ನಿಂತಿತು.

“ಸತ್ತೆ ನೀನು,” ಎಂದಳು ಡಾರ್ಲಾ. “ಅದೇನು ಗೊಣಗಿದ್ದು?”

ನಮಗೆಲ್ಲ ಗೊತ್ತಿತ್ತು. ನಮ್ಮೂರಿನಲ್ಲಿ ಕಾಡು ಹೊಕ್ಕರೆ, ಹುತ್ತದ ಪಕ್ಕ ಹಾದರೆ, ಕಾಣದ ಹಿರಿಯರಿಗೆ ಹಾಗೆ ಹೇಳಿ ತಲೆ ತಗ್ಗಿಸಿ ಹೋಗಬೇಕು: ದಾರಿ ಬಿಡಿ ದೊಡ್ಡವರೇ, ಕೋಪ ಮಾಡಿಕೊಳ್ಳಬೇಡಿ. ಮುಖ ನೋಡಬಾರದು. ಅಲ್ಲಿ ಕರಡಿ ಇಲ್ಲ. ಇಲ್ಲಿಗೆ ಬಂದ ನಮ್ಮ ಮೊದಲ ಜನ ಕರಡಿಯನ್ನೇ ಆ ಹಿರಿಯರ ಲೆಕ್ಕಕ್ಕೆ ಸೇರಿಸಿದರು. ಅದರ ಹೆಸರು ಹೇಳುವುದಿಲ್ಲ, ‘ಅಜ್ಜ’ ಎನ್ನುತ್ತೇವೆ. ಅಣ್ಣನೂ ಹೊಳೆಯಲ್ಲಿ ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಅಜ್ಜನಿಗೆ ಬಾಗಿಯೇ ಗೇಟು ತೆಗೆದಿದ್ದಾನೆ. ಕೈ ಎಷ್ಟು ಕಲಿತರೇನು, ಕತ್ತು ಕಲಿಯಬೇಡವೇ?

ಅಣ್ಣ ಹಾಗೂ ಹೀಗೂ ವಿವರಿಸಿದ. ಡಾರ್ಲಾ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ತಪ್ಪೇನಿಲ್ಲ,” ಎಂದಳು. “ತನ್ನ ಪಾಡಿಗೆ ಹೋಗೋ ಕರಡಿಗೆ ಮರ್ಯಾದೆ ಕೊಡು. ನಾನೂ ಕೊಡ್ತೀನಿ. ಓಡಿ ಬರೋದಿದ್ಯಲ್ಲ, ಅದರ ಮುಖ ನೋಡ್ಲೇಬೇಕು. ಮುಂದಿನ ಶುಕ್ರವಾರ ಬಾ.”

ಆ ವಾರ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಬುಧವಾರ ಕಾರ್ಖಾನೆಯಿಂದ ಬರುವಾಗ ಅಣ್ಣನ ಅಂಗಳ ಕಂಡಿತು. ಒಣಗಿದ್ದ ಬೂಟುಗಳನ್ನು ಅವನು ಮತ್ತೆ ಶೆಡ್ಡಿನೊಳಗೆ ಇಡುತ್ತಿದ್ದ. ಒಂದನ್ನು ಇಟ್ಟ, ಇನ್ನೊಂದನ್ನು ಹಿಡಿದುಕೊಂಡು ಹಾಗೇ ನಿಂತ. ಸೀದಾ ಅಡುಗೆಮನೆಗೆ ನುಗ್ಗಿದೆ.

“ಅವನ ಜೀವ ಆ ಹೊಳೇಲಿದೆ ಅಂತ ಗೊತ್ತಿಲ್ವಾ ನಿಂಗೆ? ನೀನು ಹಲಗೆಗೆ ನಮಸ್ಕಾರ ಮಾಡ್ತಾ ನಿಂತ್ಕೊಂಡ್ಯಲ್ಲ! ಅದು ಬರೀ ಮರ ಅತ್ತಿಗೆ, ಮರ! ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕಿತ್ತು, ಆಸೆ ಯಾಕೆ ಹುಟ್ಟಿಸ್ದೆ?”

ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುಲಿಯುತ್ತಲೇ ಹೇಳಿದಳು, “ಮರ ಅಂತ ನಂಗೂ ಗೊತ್ತು. ತಲೆ ತಾನೇ ಬಗ್ಗತ್ತೆ ಕ್ಲಾರಿಂಗ್. ನಾನೇನು ಮಾಡ್ಲಿ?” ತೋಳಿನಿಂದ ಕಣ್ಣೊರೆಸಿಕೊಂಡಳು. ಬೆಳ್ಳುಳ್ಳಿಗೆ ಯಾರೂ ಅಳುವುದಿಲ್ಲ. ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ಉಳಿದ ಬೆಳ್ಳುಳ್ಳಿ ನಾನು ಸುಲಿದೆ.

ಶುಕ್ರವಾರ ಮೋಡ ಕವಿದಿತ್ತು. ಡಾರ್ಲಾ ಪಿಕಪ್ಪಿನಿಂದ ಒಂದು ಸ್ಟೂಲು ತಂದು, ಅತ್ತಿಗೆ ನಿಲ್ಲುವ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ಟಳು.

“ಅನ್ಸೆಲ್ಮೊ, ಇಲ್ಲಿ ಕೂತ್ಕೋ. ಕ್ಯಾಂಪಿನಲ್ಲಿ ಹೇಗೆ ಕೂರ್ತೀಯೋ ಹಾಗೆ. ಮೀನು ಆ ಕಡೆ ಅಂದ್ಕೋ.”

ಅಣ್ಣ ಎಡಕ್ಕೆ ಮುಖ ಮಾಡಿ ಕೂತ. ಕಿವಿಗೆ ಎಲ್ಲರಂತೆ ಅವನೂ ಸದ್ದು ತಡೆಯುವ ದಪ್ಪ ಮುಚ್ಚಳ ಹಾಕಿಕೊಂಡಿದ್ದ. ಮೀನು ಎಣಿಸುವ ಕೈಯಂತ್ರ ಅವನ ಜೇಬಿನಲ್ಲೇ ಇರುತ್ತದೆ. ಅದನ್ನು ತೆಗೆದು ತಮಾಷೆಗೆ ಟಿಕ್ ಟಿಕ್ ಎಂದು ಒತ್ತತೊಡಗಿದ. “ಒಂದು ಬಂತು... ಇನ್ನೊಂದು ಬಂತು...” ನಾವು ನಕ್ಕೆವು. ಬಂಡಿ ಇದ್ದದ್ದು ಅವನ ಬಲಗಡೆ.

ಡಾರ್ಲಾ ಕೈ ಬೀಸಿದಳು. ಬಂಡಿ ಹೊರಟಿತು.

ಆ ಕ್ಷಣ ಅತ್ತಿಗೆ ಬಂದೂಕನ್ನು ಮುಂದಕ್ಕೇ ಹಿಡಿದು, ತಲೆಯನ್ನಷ್ಟೇ ತಿರುಗಿಸಿ ಒಮ್ಮೆ ಹಿಂದೆ ನೋಡಿದಳು. ಪರೀಕ್ಷೆಯಲ್ಲಿ ಅದು ತಪ್ಪು. ನಾನೂ ಅವಳ ಕಣ್ಣು ಹೋದ ಕಡೆಗೇ ನೋಡಿದೆ. ಐವತ್ತು ಗಜದಿಂದ ಅಷ್ಟು ದೊಡ್ಡ ಕರಡಿ ನುಗ್ಗಿ ಬರುತ್ತಿದೆ, ನಮ್ಮೆಲ್ಲರ ಕತ್ತು ಆ ಕಡೆ ತಿರುಗಿದೆ, ನನ್ನ ಅಣ್ಣ ಮಾತ್ರ ಇನ್ನೊಂದು ಕಡೆ ನೋಡುತ್ತಾ, ನಗುತ್ತಾ, ಇಲ್ಲದ ಮೀನು ಎಣಿಸುತ್ತಿದ್ದಾನೆ. ಅವನಿಗೆ ಬಂದದ್ದೇ ಗೊತ್ತಿಲ್ಲ. ಐದು ತಿಂಗಳಿಂದ ಅವನು ಒಂಟಿಗಣ್ಣಿನ ಬಗ್ಗೆ ಮಾಡಿದ ಅಷ್ಟೂ ತಮಾಷೆಗೆ ನಾನು ಹೊಟ್ಟೆ ಹಿಡಿದು ನಕ್ಕವಳು. ಆ ಕಣ್ಣು ಇಲ್ಲ ಎಂದರೆ ಏನು ಎಂದು ನನಗೆ ತಿಳಿದದ್ದು ಅವತ್ತು, ಆ ಜಲ್ಲಿ ಗುಂಡಿಯಲ್ಲಿ.

ಅತ್ತಿಗೆ ಮುಂದೆ ತಿರುಗಿದಳು. ತಲೆ ಬಗ್ಗಲಿಲ್ಲ.

“ಅಜ್ಜಾ! ಅಲ್ಲೇ ನಿಲ್ಲಿ!” ಆ ಧ್ವನಿ ಅವಳ ಮೈಯಲ್ಲಿ ಎಲ್ಲಿತ್ತೋ, ಕಿವಿ ಮುಚ್ಚಿದ್ದ ನನಗೂ ಕೇಳಿತು. “ನಿಲ್ಲಿ ಅಂದೆ!”

ಹಲಗೆ ಎಲ್ಲಿ ನಿಲ್ಲುತ್ತದೆ? ಹೊಡೆದಳು. ಎಳೆದಳು. ಹೊಡೆದಳು. ಎಳೆದಳು. ಹೊಡೆದಳು. ಖಾಲಿ ತೋಟಾ ಮೂರೂ ಬಲಕ್ಕೆ ಹಾರಿದವು. ಕಣ್ಣು ಕರಡಿಯ ಮುಖದಿಂದ ಕದಲಿಸದೆ, ಎಡಗೈಯಿಂದ ಪಕ್ಕದ ಪಟ್ಟಿಯಲ್ಲಿದ್ದ ಎರಡು ತೋಟಾ ಕಿತ್ತು ಬಂದೂಕಿನ ಹೊಟ್ಟೆಗೆ ತುಂಬಿಯೂ ಬಿಟ್ಟಳು. ಡಾರ್ಲಾ “ಸಾಕು, ಸಾಕು” ಎಂದು ಎರಡು ಸಲ ಹೇಳಬೇಕಾಯಿತು. ಹೋಗಿ ನೋಡಿದರೆ ಮೂರೂ ಎದೆಯಲ್ಲಿ. ಮೂರಕ್ಕೂ ಸೇರಿ ಒಂದು ಅಂಗೈ ಮುಚ್ಚಿದರೆ ಸಾಕಿತ್ತು.

“ಪಾಸು,” ಎಂದು ಡಾರ್ಲಾ ಕಾಗದಕ್ಕೆ ಸಹಿ ಹಾಕಿದಳು.

ಬಸಿಲ್ಯೊ ಕುಣಿದ. ನಾನು ಯಾರನ್ನು ತಬ್ಬಿಕೊಂಡೆನೋ ನೆನಪಿಲ್ಲ. ಮೊದಲ ಸದ್ದಿಗೇ ಬೆಚ್ಚಿ ಸ್ಟೂಲಿನಿಂದ ಎದ್ದಿದ್ದ ಅಣ್ಣ ಕಿವಿಯ ಮುಚ್ಚಳ ತೆಗೆದು ಸುತ್ತ ನೋಡುತ್ತಿದ್ದ.

“ಬಂತಾ? ಯಾವಾಗ ಬಂತು?”

ಅತ್ತಿಗೆ ಬಂದೂಕಿನಿಂದ ತೋಟಾ ತೆಗೆದು, ಬಾಯಿ ತೆರೆದಿಟ್ಟು, ಡಾರ್ಲಾಳಿಗೆ ತೋರಿಸಿ, ಹೆಗಲಿಗೆ ಹಾಕಿಕೊಂಡಳು.

“ಆ ಕಡೆಯಿಂದ ಬಂದ್ರೆ ನಿಂಗೆ ಏನೂ ಕಾಣಲ್ವಾ ಸೆಲ್ಮೊ?”

ಅವನು ಏನೋ ತಮಾಷೆ ಹೇಳಲು ಹೊರಟವನು ಕೈಯಂತ್ರವನ್ನು ಜೇಬಿಗೆ ಹಾಕಿದ.

“ಇಲ್ಲ ಪೆತಾ. ಏನೂ ಕಾಣಲ್ಲ.”

“ಹಂಗಂತ ಹೇಳೋದಲ್ವಾ?”

“ಹೇಳಿದ್ರೆ ನೀನು ಹೊಳೆ ಬೇಡ ಅಂತಿದ್ದೆ.”

ಮದುವೆಯಾದ ಮೂವತ್ತನಾಲ್ಕು ವರ್ಷ ಅವಳು ಅವನ ಎಡಗಡೆ ನಡೆದವಳು. ಚರ್ಚಿಗೆ ಹೋಗುವಾಗಲೂ ಕಾರ್ಖಾನೆಗೆ ಹೋಗುವಾಗಲೂ ಹಾಗೇ. ಅವತ್ತು ಅವಳು ಅವನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಂದು ಬಲಗಡೆ ನಿಂತಳು.

“ಬಾ,” ಎಂದಳು. “ಬೂಟು ಹೊರಗಿಡ್ಬೇಕು.”